ಕಾಲು ಮುಂದಾಗಿ ಹುಟ್ಟಿದ ತಾಯವ್ವನ ಟೊಂಕ

ತಾಯವ್ವ ನಿಂತುಕೊಂಡೇ ಹುಟ್ಟಿದವಳು. ಉಳಿದ ಕೂಸುಗಳು ತಲೆ ತಗ್ಗಿಸಿ ಈ ಲೋಕಕ್ಕೆ ಬಂದರೆ ಇವಳು ಮೊದಲು ಎಡಗಾಲು ಚಾಚಿದಳು. ತಲೆ ಬಂದದ್ದು ಕಟ್ಟಕಡೆಗೆ, ಅದೂ ಸೂಲಗಿತ್ತಿಯ ಸೀರೆ ಬೆವರಿಗೆ ತೊಯ್ದು ತೊಪ್ಪೆಯಾದ ಮೇಲೆ. ಕಟಕೋಳದ ಕೇರಿಯಲ್ಲಿ ಆ ದಿನ ತಾಯಿಯೂ ಉಳಿದಳು, ಮಗಳೂ ಉಳಿದಳು. ಸೂಲಗಿತ್ತಿ ಕೂಸಿನ ಅಂಗಾಲು ಒರೆಸಿ, "ಈ ಕಾಲು ಜ್ವಾಕಿ ಮಾಡವ್ವಾ. ನಾಳೆ ಇದನ್ನ ಹುಡಿಕ್ಕೊಂಡು ಮಂದಿ ಬರತಾರ" ಎಂದು ಹೇಳಿ ಎಲೆ ಅಡಿಕೆ ಹಾಕಿಕೊಂಡಳಂತೆ.

ಬಂದರು. ಹುಡುಗಿಗೆ ಎಂಟು ತುಂಬುವುದರೊಳಗೇ ಬರತೊಡಗಿದರು. ಟೊಂಕ ಹಿಡಿದು ಬಗ್ಗಲೂ ಬಾರದೆ ಏಳಲೂ ಬಾರದೆ ಆದಾಗ, ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಮೂರು ಸಲ ಕಾಲು ಮುಟ್ಟಿಸಿದರೆ ಹಿಡಿತ ಬಿಡುತ್ತದೆ ಎಂಬುದು ಆ ಸೀಮೆಯಲ್ಲಿ ಅಜ್ಜ ಅಜ್ಜಿಯರ ಕಾಲದಿಂದ ನಂಬಿದ ಮಾತು. ಇಂಥವರನ್ನು ಮರಾಠಿ ಮಂದಿ ಪಾಯಾಳು ಎನ್ನುತ್ತಾರೆ. ತಾಯವ್ವ ಮದುವೆಯಾಗಿ ಯರಗಟ್ಟಿಗೆ ಬಂದಾಗ ಅವಳಿಗಿಂತ ಮೊದಲೇ ಅವಳ ಕಾಲಿನ ಸುದ್ದಿ ಬಂದು ಅಲ್ಲಿ ಕುಳಿತಿತ್ತು.

ಅದಕ್ಕೊಂದು ರೀತಿ ಇತ್ತು. ಹೊತ್ತು ಮೂಡುವ ಮುಂದೆ, ಖಾಲಿ ಹೊಟ್ಟೆಯಲ್ಲಿ ಬರಬೇಕು. ಅವಳ ಬಾಗಿಲ ಮುಂದಿನ ನೆಲದ ಮೇಲೆ ಬೋರಲು ಮಲಗಬೇಕು. ತಾಯವ್ವ ಬಲಗಾಲ ಮೇಲೆ ನಿಂತು ಎಡಗಾಲೆತ್ತಿ ಟೊಂಕದ ಮೇಲೆ ಒಂದು, ಎರಡು, ಮೂರು ಸಲ ಅಂಗಾಲು ಊರುವಳು. ತೆಗೆದುಕೊಳ್ಳುವುದು ಎರಡು ವೀಳ್ಯದೆಲೆ, ಅಷ್ಟೇ. ಮನೆಗೆ ಬಾ ಎಂದು ಯಾರೇ ಹೇಳಿಕಳಿಸಿದರೂ ಹೋಗುತ್ತಿರಲಿಲ್ಲ. ಬೇಕಾದವರು ಕಾಲಿದ್ದಲ್ಲಿಗೆ ಬರಬೇಕು. ಹಾಗಾಗಿ ಕೇರಿಯ ನೀರು ಕುಡಿಯದವರೂ ಕೇರಿಗೆ ಬಂದು ನೆಲಕ್ಕೆ ಮೂಗು ಹಚ್ಚಿ ಮಲಗುತ್ತಿದ್ದರು. ಟೊಂಕ ಹಿಡಿದಾಗ ಮಡಿ ಸ್ವಲ್ಪ ಸಡಿಲಾಗುತ್ತದೆ. ಮನೆಗೆ ಹೋದ ಕೂಡಲೇ ಅವರು ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಾರೆ ಎನ್ನುವುದು ತಾಯವ್ವನಿಗೂ ಗೊತ್ತಿತ್ತು. "ಬಿಸಿನೀರು ಹಾಕ್ಕೋರಿ, ತಣ್ಣೀರು ಬ್ಯಾಡ. ಟೊಂಕಕ್ಕ ಛಲೋ" ಎಂದು ಹೇಳಿಯೇ ಕಳಿಸುತ್ತಿದ್ದಳು.

ಹತ್ತು ಹನ್ನೆರಡು ವರ್ಷ ಹೀಗೆ ನಡೆದ ಮೇಲೆ ಅವಳ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಎದ್ದು ಹೋದವರು ಮತ್ತೆ ಬರುತ್ತಿದ್ದರು. ಅದೇ ಬೆನ್ನು, ಅದೇ ಜಾಗ. ಕಾಲು ಮುಟ್ಟಿಸಿದರೆ ಬಿಡುವುದು ಖರೆಯಾದರೆ ಮತ್ತೆ ಹಿಡಿಯುವುದು ಯಾಕೆ? ಆಗ ಅವಳು ಕೇಳತೊಡಗಿದಳು. ಬಸ್‌ಸ್ಟ್ಯಾಂಡಿನ ಹಮಾಲ ಮಾಳಪ್ಪ ಮೂರನೆಯ ಸಲ ಬಂದು ಮಲಗಿದಾಗ ಅವನನ್ನು ಎಬ್ಬಿಸಿ, ಬೇವಿನ ಗಿಡದವರೆಗೆ ನಡೆದು ಬಾ ಎಂದಳು. ಅವನ ಎಡಭುಜ ಮೇಲೆ, ಬಲಭುಜ ಕೆಳಗೆ. ತೂಕ ಹಾಳಾದ ತಕ್ಕಡಿಯ ಹಾಗೆ ನಡೆದುಬಂದ.

"ಚೀಲ ಯಾವ ಮಗ್ಗಲಿಗೆ ಹೊರತಿ?"

"ಎಡಕ್ಕ. ರೂಢಿ."

"ಎಲ್ಲ್ಯರ ಬಿದ್ದಿದ್ದೇನ?"

"ಇಲ್ಲಬೇ ಎವ್ವಾ. ನಾ ಯಾಕ ಬೀಳ್ಲಿ."

"ಬಸ್ಸಿನ ಟಾಪಿನ ಮ್ಯಾಲಿಂದ?"

"ಅದಾ? ಅದು ಬಿದ್ದದ್ದಲ್ಲ. ನಿಚ್ಚಣಿಕಿ ಜಾರಿತ್ತು, ನಾ ಸೇಂಗಾ ಚೀಲದ ಮ್ಯಾಲೆ ಕುಂತೆ."

"ಎಷ್ಟ ಎತ್ತರದಿಂದ ಕುಂತಿ?"

ಮಾಳಪ್ಪ ತಲೆ ಕೆರೆದುಕೊಂಡ. ಆಳಿನ ಮೇಲೆ ಆಳು ನಿಂತಷ್ಟು ಎತ್ತರದಿಂದ ಕುಂತಿದ್ದ. ಕುಂತವನು ಎದ್ದು ಅದೇ ಚೀಲ ಹೊತ್ತುಕೊಂಡು ಹೋಗಿದ್ದ, ಎಂಟು ವರ್ಷದ ಹಿಂದೆ. ತಾಯವ್ವ ಅವತ್ತು ಕಾಲು ಮುಟ್ಟಿಸಿದಳು, ಜೊತೆಗೆ ಒಂದು ಮಾತೂ ಹೇಳಿದಳು: ಒಂದು ಚೀಲ ಎಡಕ್ಕೆ, ಮುಂದಿನ ಚೀಲ ಬಲಕ್ಕೆ. ಮಾಳಪ್ಪ ಆಮೇಲೆ ಎಲೆ ಅಡಿಕೆ ಕೊಡುವುದಕ್ಕಷ್ಟೇ ಬಂದ.

ಅಲ್ಲಿಂದ ಮುಂದೆ ಅವಳ ಬಾಗಿಲಲ್ಲಿ ಮೂರು ಪ್ರಶ್ನೆ ಕಾಯಂ ಆದವು. ಭಾರ ಯಾವ ಕಡೆ? ದಿನವಿಡೀ ಕೂಡುವುದು ನಿಲ್ಲುವುದು ಹೇಗೆ? ಎಲ್ಲಿ ಬಿದ್ದಿದ್ದೆ? ಮೊದಲೆರಡಕ್ಕೆ ಮಂದಿ ಸರಳವಾಗಿ ಉತ್ತರ ಕೊಡುತ್ತಿದ್ದರು. ಮೂರನೆಯದಕ್ಕೆ ಮಾತ್ರ ಎಲ್ಲರೂ ಒಂದೇ ಬಾಯಿ, ಎಲ್ಲೂ ಬಿದ್ದಿಲ್ಲ. ಬಿದ್ದದ್ದು ನೆನಪಿಡುವಂಥ ಸಂಗತಿಯೇ ಅಲ್ಲ ಈ ಮಂದಿಗೆ, ಎದ್ದರೆ ಮುಗಿಯಿತು. "ಬಿದ್ದಿಲ್ಲ ಅನ್ನಾವ್ರನ್ನ ಮೊದಲ ಹಿಡೀಬೇಕು" ಎಂದು ಒಳಗೆ ಜೋಳ ಹಸನು ಮಾಡುತ್ತಿದ್ದ ಸೊಸೆ ಸುಂದರವ್ವನಿಗೆ ಕೇಳುವಂತೆ ಹೇಳುತ್ತಿದ್ದಳು. ಗಂಡ ದುರ್ಗಪ್ಪ, ಮಗ ಶಟ್ಟೆಪ್ಪ ಇಬ್ಬರೂ ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ದುಡಿಯುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಕಾಲಿನಿಂದ ಹೊಟ್ಟೆ ತುಂಬುತ್ತಿರಲಿಲ್ಲ. ತಾಯವ್ವನ ದುಡಿಮೆ ಹೊಲದಲ್ಲಿತ್ತು. ಹದಿನಾಲ್ಕು ಹೆಂಗಸರ ಒಂದು ಗುಂಪು ಕಟ್ಟಿದ್ದಳು. ಹತ್ತಿ ಬಿಡಿಸುವಾಗ ಮುಂದಿನ ಸಾಲು ಅವಳದು. ಅವಳು ನಡೆದ ಹಾಗೆ ಹಿಂದಿನವರು ನಡೆಯಬೇಕು. ಹೊಲದ ಮಾಲೀಕನ ಜೊತೆ ಮಾತಾಡುವವಳೂ ಅವಳೇ. ಹದಿನಾರು ವರ್ಷ ಆ ಸಾಲು ಬೇರೆ ಯಾರ ಪಾಲಿಗೂ ಹೋಗಿರಲಿಲ್ಲ.

ಎಪ್ಪತ್ತಾರನೆಯ ಇಸವಿ, ಶಿವರಾತ್ರಿಯ ಆಸುಪಾಸು. ಸವದತ್ತಿ ರಸ್ತೆಯಲ್ಲಿದ್ದ ನಿಜಗುಣಪ್ಪ ಗೌಡರ ಎಂಟು ಎಕರೆ ಹತ್ತಿ ಒಡೆದು ಬೆಳ್ಳಗಾಗಿತ್ತು. ಸೋಮವಾರ ಬಿಡಿಸಲು ಹಿಡಿಯುವುದೆಂದು ಮಾತಾಗಿತ್ತು. ಬುಧವಾರ ಮುಂಜಾನೆ ತಾಯವ್ವ ಬಾವಿಯ ಕಟ್ಟೆಯಿಂದ ಕೊಡ ಎತ್ತಿ ಬಲ ಬಗಲಿಗೆ ಇಟ್ಟುಕೊಂಡಳು, ಅಷ್ಟೇ. ಟೊಂಕದಲ್ಲಿ ಯಾರೋ ಗೂಟ ಹೊಡೆದ ಹಾಗಾಯಿತು. ಕೊಡ ಬಿತ್ತು. ಅವಳು ಬೀಳಲಿಲ್ಲ, ಬಗ್ಗಿದವಳು ಬಗ್ಗಿದ ಹಾಗೆಯೇ ಗೋಡೆ ಹಿಡಿದು ಮನೆಗೆ ಬಂದಳು.

ಇದು ಹೊರಗೆ ಗೊತ್ತಾದರೆ ಏನಾಗುತ್ತದೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಗುಂಪನ್ನು ಗೌಡ ಹಿಡಿದದ್ದು ಅವಳ ಮೇಲಿನ ಭರವಸೆಯಿಂದ. ಅವಳು ನಿಲ್ಲದಿದ್ದರೆ ಹದಿನಾಲ್ಕೂ ಮಂದಿಯ ಸುಗ್ಗಿ ಹೋಯಿತು. ಗುರುವಾರವೇ ಗೌಡರ ಆಳು ಶಂಕರೆಪ್ಪ ಬಾಗಿಲಿಗೆ ಬಂದ. ತಾಯವ್ವ ಹೊಸ್ತಿಲ ಮೇಲೆ ಚೌಕಟ್ಟಿಗೆ ಬೆನ್ನು ಕೊಟ್ಟು, ಮೊರದಲ್ಲಿ ಜೋಳ ಆರಿಸುವವಳ ಹಾಗೆ ಕುಳಿತಿದ್ದಳು. ಆರಿಸುವುದಕ್ಕೆ ಅದರಲ್ಲಿ ಒಂದು ಹರಳೂ ಇರಲಿಲ್ಲ.

"ಗೌಡ್ರು ಕೇಳ್ಯಾರ. ಸೋಮವಾರ ಖರೇನ? ಮುನವಳ್ಳಿ ಗುಂಪಿನವರು ಕೇಳಾಕ ಹತ್ಯಾರ."

"ಸೋಮವಾರ ಅಂದ್ರ ಸೋಮವಾರ. ವಾರ ಏನ ಬದಲಾಗೇತೇನ?"

"ಇಲ್ಲ, ನೀ ಏಳವಲ್ಲಿ, ಅದಕ್ಕ ಕೇಳಿದೆ."

"ನೀ ಬಂದಾಗೆಲ್ಲಾ ನಾ ಎದ್ದ ನಿಂದ್ರಬೇಕಂದ್ರ ನೀ ಯಾವಾಗ ಗೌಡ ಆದೆಪಾ?"

ಶಂಕರೆಪ್ಪ ನಕ್ಕು ಹೋದ. ಅವನು ಮರೆಯಾದ ಮೇಲೆ ತಾಯವ್ವನನ್ನು ಒಳಗೆ ಕರೆದೊಯ್ಯಲು ಸುಂದರವ್ವನಿಗೆ ಎರಡೂ ಕೈ ಬೇಕಾದವು.

ಉಸುಕು ಹುರಿದು ಗಂಟು ಕಟ್ಟಿ ಕಾವು ಕೊಟ್ಟದ್ದಾಯಿತು. ಯರಗಟ್ಟಿಯ ಡಾಕ್ಟರರ ಹತ್ತಿರ ಸುಂದರವ್ವ ಹೋಗಿ ಗುಳಿಗೆ ತಂದದ್ದೂ ಆಯಿತು. ಇನ್ನುಳಿದದ್ದು ಕಾಲು. ಆದರೆ ಪಾಯಾಳು ತನ್ನ ಬೆನ್ನಿಗೆ ತಾನು ಕಾಲು ಮುಟ್ಟಿಸುವುದು ಹೇಗೆ? ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬರು ರಾಮದುರ್ಗದ ಆಚೆ ಎಲ್ಲೋ ಇದ್ದಾರೆಂದು ಕೇಳಿದ್ದಳು. ಅಲ್ಲಿಯವರೆಗೆ ಬಸ್ಸಿನಲ್ಲಿ ಕುಳಿತು ಹೋಗುವಷ್ಟು ಟೊಂಕ ನೆಟ್ಟಗಿದ್ದರೆ ಹೋಗುವ ಕೆಲಸವೇ ಇರಲಿಲ್ಲ.

ಅವತ್ತು ಮಧ್ಯಾಹ್ನ ಸುಂದರವ್ವ ಉಸುಕಿನ ಗಂಟು ಬದಲಿಸುತ್ತ ಮೆಲ್ಲಗೆ ಬಾಯಿ ಬಿಟ್ಟಳು.

"ಅತ್ತೆವ್ವಾ, ಒಂದ ಮಾತ ಕೇಳ್ಲೆ? ಬೈಬ್ಯಾಡ್ರಿ."

"ಬೈಯೂದೋ ಬಿಡೂದೋ ಕೇಳಿದ ಮ್ಯಾಲೆ ಗೊತ್ತಾಕ್ಕೈತಿ."

"ಭಾರ ಯಾವ ಕಡೆ ಹೊರತೀರಿ?"

ತಾಯವ್ವ ಕತ್ತು ತಿರುಗಿಸಿ ಸೊಸೆಯ ಮುಖ ನೋಡಿದಳು. ತನ್ನ ಪ್ರಶ್ನೆ ತನ್ನ ಮನೆಯೊಳಗಿಂದಲೇ ತನಗೆ ಬಂದಿತ್ತು. ಆದರೆ ಸುಂದರವ್ವನ ಮುಖದಲ್ಲಿ ಚೇಷ್ಟೆ ಇರಲಿಲ್ಲ.

"ಬಲಕ್ಕ. ಕೊಡಾನೂ ಬಲಕ್ಕ. ನಿನ್ನ ಗಂಡನ್ನೂ ಬಲ ಬಗಲಾಗ ಹೊತ್ತ ಬೆಳೆಸೇನಿ. ಅಂವ ಎರಡ ವರ್ಷ ನೆಲಕ್ಕ ಕಾಲ ಇಡಲಿಲ್ಲ, ಗೌಡನ ಮಗನಂಗ."

"ಎಲ್ಲ್ಯರ ಬಿದ್ದಿದ್ರೇನು?"

"ಇಲ್ಲ. ನಾ ಎಲ್ಲೂ ಬಿದ್ದಿಲ್ಲ."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಸುಂದರವ್ವ ಉಸುಕಿನ ಗಂಟನ್ನು ಒತ್ತಿ ಹಿಡಿದು ಸುಮ್ಮನೆ ಕುಳಿತಳು; ಬಾಗಿಲಲ್ಲಿ ಅತ್ತೆ ಹೀಗೆಯೇ ಸುಮ್ಮನಾಗಿ ಕಾಯುವುದನ್ನು ಎಷ್ಟೋ ಸಲ ನೋಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತಾಯವ್ವನ ಹೊಟ್ಟೆ ಕುಲುಕತೊಡಗಿತು. ನೋವಿನಲ್ಲೂ ನಗು ಬಂದಿತ್ತು.

"ಪಂಚಮಿ ಜೋಕಾಲಿ" ಎಂದಳು.

ಹನ್ನೊಂದು ವರ್ಷದವಳಿದ್ದಾಗಿನ ಸಂಗತಿ. ಕಟಕೋಳದ ಹುಣಸೆ ಗಿಡಕ್ಕೆ ಹಗ್ಗ ಕಟ್ಟಿದ್ದರು. ಅವಳೂ ಗೆಳತಿ ತಂಗೆವ್ವನೂ ಎದುರುಬದುರು ನಿಂತು ಜೀಕಿದರು. ಗಿಡದ ತುದಿಯ ಎಲೆ ಹರಿದು ತರುತ್ತೇನೆಂದು ಇವಳು ಕೈಬಿಟ್ಟಳು, ಬಂದು ಕುಳಿತದ್ದು ಬೇರಿನ ಪಕ್ಕದ ಕಲ್ಲಿನ ಮೇಲೆ. ಉಸಿರು ಹೋಗಿ ಬಂತು. ಅವ್ವನಿಗೆ ಹೇಳಿದರೆ ನಾಳೆ ಜೋಕಾಲಿ ಬಂದ್ ಆಗುತ್ತದೆ. ಅದಕ್ಕೆ, ಉಂಡಿ ಬಹಳ ತಿಂದು ಹೊಟ್ಟೆ ನೋಯುತ್ತದೆ ಎಂದು ಹೇಳಿ ನಾಲ್ಕು ದಿನ ಬೋರಲು ಮಲಗಿದಳು. ಅವ್ವ ಹೊಟ್ಟೆಗೆ ಓಮಿನ ಕಷಾಯ ಕುಡಿಸಿದಳು.

"ಟೊಂಕದ ನೋವಿಗೆ ಓಮಿನ ಕಷಾಯ" ಎಂದು ಸುಂದರವ್ವ ನಕ್ಕಳು. ಆಮೇಲೆ ಎದ್ದು ಹೋಗಿ ಮೂಲೆಯಲ್ಲಿದ್ದ ಅತ್ತೆಯ ಚಪ್ಪಲಿ ತಂದು ಅವಳ ಮುಖದ ಮುಂದೆ ಬೋರಲು ಇಟ್ಟಳು. ಎಡದ್ದರ ಹಿಮ್ಮಡಿ ಹೊಸದರಂತೆಯೇ ಇತ್ತು. ಬಲದ್ದು ಸವೆದು ಸವೆದು, ನೆಲ ಕಾಣುವಷ್ಟು ತೂತು ಬಿದ್ದಿತ್ತು.

"ಹೊಲದಾಗ ಎರಡೂ ಕಾಲಲೆ ನಡೀತೀರಿ. ಮತ್ತ ಇದ್ಯಾಕ ಹಿಂಗ?"

ತಾಯವ್ವ ಬಹಳ ಹೊತ್ತು ಆ ತೂತನ್ನೇ ನೋಡಿದಳು. ಕೊಡ ಬಲಕ್ಕೆ, ಕೂಸು ಬಲಕ್ಕೆ, ಅದು ಸರಿ. ಅದು ಎಲ್ಲ ಹೆಂಗಸರದ್ದೂ ಅಷ್ಟೇ. ತನ್ನೊಬ್ಬಳದೇ ಆದ ಭಾರ ಯಾವುದು? ಉತ್ತರ ಅವಳ ಬಾಗಿಲ ಮುಂದಿನ ನೆಲದ ಮೇಲಿತ್ತು. ಮೂವತ್ತೆಂಟು ವರ್ಷ, ಬಂದ ಬಂದವರ ಬೆನ್ನಿಗೆ ಎಡಗಾಲು ಕೊಟ್ಟಾಗಲೆಲ್ಲ ಅವಳ ಇಡೀ ಮೈ ಬಲಗಾಲ ಮೇಲೆ ನಿಂತಿತ್ತು, ಗಾಳಿಗೆ ವಾಲಿದ ಕಂಬದ ಹಾಗೆ. ಜೋಕಾಲಿಯಿಂದ ಬಿದ್ದು ಸಣ್ಣಗೆ ಬಿರುಕು ಬಿಟ್ಟಿದ್ದ ಜಾಗಕ್ಕೆ ತಾನೇ ಕುಟ್ಟುತ್ತ ಬಂದಿದ್ದಳು, ಊರಿನ ಟೊಂಕ ಬಿಡಿಸುತ್ತ.

"ಹುಚ್ಚಿ ನಾನು" ಎಂದಳು. ಆದರೆ ದನಿಯಲ್ಲಿ ಹಳಹಳಿ ಇರಲಿಲ್ಲ. ಕಳೆದ ಸೂಜಿ ಕೈಗೆ ಹತ್ತಿದವಳ ಸಮಾಧಾನ ಇತ್ತು. ಎಲ್ಲಿ ತಪ್ಪಿದೆ ಎಂದು ಗೊತ್ತಾದ ಬೆನ್ನನ್ನು ಅವಳು ಅಲ್ಲಿಯವರೆಗೆ ಬಿಟ್ಟುಕೊಟ್ಟವಳಲ್ಲ. ತನ್ನದನ್ನು ಬಿಟ್ಟಾಳೆಯೇ? ಶುಕ್ರವಾರ ನೆಲದ ಮೇಲೆ ಚಾಪೆ ಹಾಸಿ ಮೊಣಕಾಲು ಮಡಿಚಿ ನೆಟ್ಟಗೆ ಮಲಗಿದಳು. ಸಂಜೆ ಗೋಡೆ ಹಿಡಿದು ಹತ್ತು ಹೆಜ್ಜೆ, ಶನಿವಾರ ಗೋಡೆ ಬಿಟ್ಟು ಬೇವಿನ ಗಿಡದವರೆಗೆ. ಸೊಸೆ ಹಿಂದೆ ನಿಂತು, "ಬಲಕ್ಕ ವಾಲಾಕ ಹತ್ತೀರಿ. ಎಡಗಾಲಿಗೂ ಕೂಲಿ ಕೊಡ್ರಿ" ಎಂದು ಹೇಳುತ್ತಿದ್ದಳು. ಬೇರೆ ಹೊತ್ತಿನಲ್ಲಾದರೆ ಇಂಥ ಸೊಸೆಗೆ ತಾಯವ್ವ ಉತ್ತರ ಬಾಕಿ ಇಟ್ಟುಕೊಳ್ಳುತ್ತಿರಲಿಲ್ಲ. ಈಗ ಹೇಳಿದ ಹಾಗೆ ಕೇಳಿದಳು.

ರವಿವಾರ ಹೊತ್ತು ಮೂಡುವ ಮುಂಚೆ ಬಾಗಿಲಲ್ಲಿ ನರಳುವ ದನಿ. ನೋಡಿದರೆ ನಿಜಗುಣಪ್ಪ ಗೌಡರು. ಒಂದು ಕೈ ಶಂಕರೆಪ್ಪನ ಹೆಗಲ ಮೇಲೆ, ಇನ್ನೊಂದು ಟೊಂಕದ ಮೇಲೆ. ಶಂಕರೆಪ್ಪ ಅವರದೇ ಮನೆಯ ಕಂಬಳಿ ಹಾಸಿದ. ಗೌಡರು ನಾಲ್ಕು ಕಂತಿನಲ್ಲಿ ಅದರ ಮೇಲೆ ಇಳಿದರು.

"ದಿನಾ ಹೆಂಗ ಕುಂಡ್ರತೀರಿ ಗೌಡ್ರ?"

"ಮೊದಲ ಕಾಲ ಹಚ್ಚು, ಆಮ್ಯಾಲೆ ಪಂಚಾಯ್ತಿ."

"ಕುಂಡ್ರೋದ ಹೇಳ್ರಿ."

"ಹೆಂಗ ಅಂದ್ರ? ಲೋಡಿಗೆ ಒರಗಿ."

"ಯಾವಾಗ್ಲೂ ಬಲ ಮೊಣಕೈ ಊರಿ. ಮುಂಜಾನಿಂದ ಸಂಜೀತನಾ. ಮತ್ತ ಹುಡುಗರಿದ್ದಾಗ ಕಾರ ಹುಣ್ಣಿವಿಗೆ ಗುಂಡಕಲ್ಲು ಎತ್ತೀರಂತಲ್ಲ?"

ಕಂಬಳಿಯೊಳಗಿಂದಲೇ ಗೌಡರ ದನಿ ಹಿಗ್ಗಿತು. "ಎತ್ತಿದ್ದೆ. ಅವತ್ತ ಊರಾಗ ಬ್ಯಾರೆ ಯಾರೂ ಎತ್ತಲಿಲ್ಲ."

"ಇಳಸೋ ಮುಂದ?"

"ಇಳಸಲಿಲ್ಲ. ಅದ ಬಿತ್ತು. ನಾನೂ ಚೂರು ಅದರ ಕೂಡ ಹೋದೆ."

ಶಂಕರೆಪ್ಪ ಮುಖ ಆಚೆ ತಿರುಗಿಸಿದ. ತಾಯವ್ವ ಚೌಕಟ್ಟಿನ ಮೇಲೆ ಕೈಯಿಟ್ಟು, ಎಡಗಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಬಲಗಾಲೆತ್ತಿ ಗೌಡರ ಟೊಂಕದ ಮೇಲೆ ಇಟ್ಟಳು.

"ಇದು ಬಲಗಾಲು ಆತಲ್ಲ ತಾಯವ್ವಾ?"

"ಹೌದ್ರಿ."

"ಎಡಗಾಲಲ್ಲೇನ ಮೊದಲ ಬಂದದ್ದು?"

"ಮೊದಲ ಬಂದದ್ದು ಎಡಗಾಲು ಖರೆ. ಅದರ ಹಿಂದ ಬಲಗಾಲು ಬಂತು. ತಲಿ ಏನ ನಡುವ ಬರಲಿಲ್ಲ."

ಗೌಡರು ಮಾತು ತಿರುಗಿಸಿದರು. "ನಿನ್ನ ಟೊಂಕಾನೂ ಹಿಡದೈತಿ ಅಂತ ಸುದ್ದಿ ಐತಿ. ಬಾವಿ ಹತ್ರ ಯಾರೋ ನೋಡ್ಯಾರ."

ಒಳಗೆ ಸುಂದರವ್ವನ ಕೈಯ ಬಳೆ ಸದ್ದು ನಿಂತಿತು. ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಬಿದ್ದಿಲ್ಲ ಎಂದು ಸುಳ್ಳು ಹೇಳುವವರನ್ನು ಬೈದು ಬೈದು ಮುದುಕಿಯಾದ ಬಾಯಿ ಅದು.

"ಬುಧವಾರ ಹಿಡೀತ್ರಿ. ಶನಿವಾರ ಬಿಡ್ತು."

"ನಿನ್ನ ಟೊಂಕಾನ ಹಿಡದ ಮ್ಯಾಲೆ ನಾಳೆ ಗುಂಪು ಯಾರು ನಡಸವ್ರು?"

"ನಾನ. ಆದ್ರ ಈ ಸಲ ರೀತಿ ಬ್ಯಾರೆ. ತುಂಬಿದ ಉಡಿ ಹೊತ್ತು ಬದುವಿನತನಾ ಯಾರೂ ನಡಿಯಂಗಿಲ್ಲ. ಉಡಿ ಅರ್ಧ ತುಂಬತಿದ್ದಂಗ ಸುರೂದು. ಹೊಲದ ನಡುವ ಎರಡು ಕಡೆ ರಾಶಿ ಬೇಕು."

"ಮಣ್ಣಾಗ? ಹತ್ತಿ ಹೊಲಸಾಗಿ ಪೇಟ್ಯಾಗ ಯಾರು ಕೇಳ್ತಾರ?"

"ತಾಡಪಾಲ ಹಾಸ್ರಿ."

"ಮುನವಳ್ಳಿಯವರು ಇಂಥಾವೆಲ್ಲ ಕೇಳೂದಿಲ್ಲ."

"ಅವರನ್ನ ಕರೀರಿ. ಅವರೂ ಛಲೋ ಮಂದಿ. ಹೋದ ವರ್ಷ ನಮ್ಮ ಹದಿನಾಲ್ಕ ಮಂದ್ಯಾಗ ಆರು ಮಂದಿ ಎರಡನೇ ವಾರಕ್ಕ ಟೊಂಕ ಹಿಡ್ಕೊಂಡು ಮನ್ಯಾಗ ಕುಂತ್ರು. ನಿಮ್ಮ ಹತ್ತಿ ಗಿಡದ ಮ್ಯಾಲೆ ಒಣಗಿ ಗಾಳಿಗೆ ಹಾರಿ ಪಕ್ಕದ ಹೊಲಕ್ಕ ಹೋತು. ಮುನವಳ್ಳಿಯವರ ಟೊಂಕ ಏನ ಕಬ್ಬಿಣದ್ದಲ್ಲ."

ಆ ಹಾರಿದ ಹತ್ತಿ ಗೌಡರಿಗೆ ನೆನಪಿತ್ತು.

"ಕಾಲರ ತಗೀ ಮೊದಲ."

"ಮೂರನೇದು ಇನ್ನೂ ಆಗಿಲ್ಲರಿ."

ಶಂಕರೆಪ್ಪನಿಗೆ ಇನ್ನು ತಡೆಯಲಾಗಲಿಲ್ಲ, ಕೆಮ್ಮುವ ನೆಪದಲ್ಲಿ ಬೇವಿನ ಗಿಡದತ್ತ ಹೋದ. ಗೌಡರು ಕಂಬಳಿಗೆ ಮೂಗು ಹಚ್ಚಿಕೊಂಡೇ, "ಎರಡು ತಾಡಪಾಲ ಕಳಸ್ತೇನಿ. ಹತ್ತಿಗೆ ಮಣ್ಣು ಹತ್ತಿದ್ರ ಮಾತ ಮಾತಲ್ಲ" ಎಂದರು. ತಾಯವ್ವ ಮೂರನೆಯ ಸಲ ಕಾಲು ಊರಿದಳು. ಗೌಡರು ಎದ್ದರು. ಪೂರ್ತಿ ನೆಟ್ಟಗಲ್ಲ, ಆದರೆ ಬಂದದ್ದಕ್ಕಿಂತ ನೆಟ್ಟಗೆ.

"ಇವತ್ತಿಂದ ಲೋಡು ಎಡಕ್ಕೂ ಇಟ್ಟುಕೋರಿ. ತಾಸಿಗೊಮ್ಮೆ ಎದ್ದು ಅಂಗಳ ಸುತ್ತರಿ. ಇಲ್ಲಂದ್ರ ತಿಂಗಳೊಪ್ಪತ್ತಿನಾಗ ಮತ್ತ ಇದ ಕಂಬಳಿ ಹೊತ್ಕೊಂಡು ಬರತೀರಿ."

ಸೋಮವಾರ ಹದಿನಾಲ್ಕು ಹೆಂಗಸರು ಹೊಲದ ಅಂಚಿಗೆ ನಿಂತರು. ನಡುಹೊಲದಲ್ಲಿ ಎರಡು ತಾಡಪಾಲು. ತಾಯವ್ವ ಹೊಸ ರೀತಿ ಹೇಳಿದಳು. ಅವಳ ಹಾಗೆಯೇ ಕಟಕೋಳದಿಂದ ಇದೇ ಊರಿಗೆ ಸೊಸೆಯಾಗಿ ಬಂದಿದ್ದ ತಂಗೆವ್ವನಿಗೆ ಇದು ಸೇರಲಿಲ್ಲ. ಸೀರೆಯ ಸೆರಗು ಮಡಿಚಿ ಹೊಟ್ಟೆಯ ಮುಂದೆ ಉಡಿ ಕಟ್ಟಿಕೊಳ್ಳುತ್ತ, "ಇಷ್ಟ ಉಡಿ ತುಂಬಿದ್ರ ಐದ ತಿಂಗಳ ಬಸರಿ ಕಂಡಂಗ ಕಾಣ್ತೇವಿ. ನನಗ ಒಂಬತ್ತರ ಸೊಗಸು ಬೇಕು" ಎಂದಳು.

"ಈ ವಯಸ್ಸಿನಾಗ ಒಂಬತ್ತು ತುಂಬಿಸ್ಕೊಂಡ್ರ ಮಂದಿ ಏನ ಅಂದಾರು? ಅರ್ಧಕ್ಕ ಸುರಿವಾ."

ಎಲ್ಲರೂ ನಕ್ಕರು. ನಗುತ್ತಲೇ ಸಾಲು ಹಿಡಿದರು. ತಾಯವ್ವ ಟೊಂಕದಿಂದ ಬಗ್ಗದೆ ಮೊಣಕಾಲು ಮಡಿಚಿ, ಎರಡೂ ಕೈಯಿಂದ ಬಿಡಿಸುತ್ತ ಮುಂದೆ ನಡೆದಳು. ಮೊದಲ ತಾಸು ಅವಳ ನಡಿಗೆ ನಿಧಾನವಿತ್ತು. ಹಿಂದಿನವರು ಅವಳ ಬೆನ್ನನ್ನೇ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ನೋವು ಪೂರ್ತಿ ಹೋಗಿರಲಿಲ್ಲ. ಮೂಲೆಯಲ್ಲಿ ಕುಳಿತ ಮುದಿ ನಾಯಿಯ ಹಾಗೆ ಆಗೊಮ್ಮೆ ಈಗೊಮ್ಮೆ ಗುರ್ ಅನ್ನುತ್ತಿತ್ತು. ಅವಳು ಅದಕ್ಕೆ ಕಿವಿಗೊಟ್ಟು ನಿಲ್ಲುತ್ತಿದ್ದಳು, ಅರ್ಧ ಉಡಿ ಸುರಿಯುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು. ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ಸಾಲು ಹಿಂದಿನ ವರ್ಷದಷ್ಟೇ ದೂರ ಬಂದಿತ್ತು. ಸಂಜೆಗೆ ಒಂದು ಗೇಣು ಮುಂದೆಯೇ ಇತ್ತು. ಬದುವಿನವರೆಗೆ ಹೋಗಿ ಬರುವ ನಡಿಗೆ ಉಳಿದಿತ್ತಲ್ಲ.

ಮೊದಲ ವಾರ ಮುಗಿಯಿತು. ಎರಡನೆಯ ವಾರ, ಹೆಂಗಸರು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿದ್ದ ವಾರ, ಅದೂ ದಾಟಿತು. ಗಿಡ ಬರಿದಾದ ದಿನ ಶಂಕರೆಪ್ಪ ಬದುವಿನ ಮೇಲೆ ನಿಂತು ಕೂಗಿದ.

"ಎರಡನೇ ಸಲ ಬಿಡಸಾಕ ಹದಿನೈದ ದಿನಕ್ಕ ಬರಬೇಕ್ರೆವಾ. ಎಷ್ಟ ಮಂದಿ ಬರತೀರಿ ಅಂತ ಗೌಡ್ರು ಕೇಳ್ಯಾರ."

ತಾಯವ್ವ ಹಿಂದೆ ತಿರುಗಿ ಸಾಲನ್ನು ನೋಡಿದಳು. ತಂಗೆವ್ವ ತಾಡಪಾಲಿನ ಹತ್ತಿರ ಬಿದ್ದ ಹತ್ತಿ ಆರಿಸುತ್ತಿದ್ದಳು, ಮೊಣಕಾಲು ಮಡಿಚಿ.

"ಹದಿನಾಲ್ಕೂ ಮಂದಿ ಅಂತ ಹೇಳು" ಎಂದಳು ತಾಯವ್ವ. "ಬಂದವರಾಗ ಒಬ್ಬರೂ ಮನ್ಯಾಗ ಕುಂತಿಲ್ಲ."